ಪತ್ರಿ, ಗಾಂಜಾ, ಜೋಳಿಗೆ: ಹರೆಯದವರಿಗೆ ಹೇಳಬೇಕಾದ ಸಂಗತಿ

ಇಳಕಲ್ಲಿನಲ್ಲಿ ಚಟದ ಮಾತು ಬಂದರೆ ಅದರ ಹಿಂದೆಯೇ ಅಪ್ಪಗಳ ಜೋಳಿಗೆಯ ಮಾತೂ ಬರುತ್ತದೆ. ಚಿತ್ತರಗಿ-ಇಳಕಲ್ಲ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಲು ಶುರು ಮಾಡಿದರು. ಜೋಳ, ದುಡ್ಡು ಬೇಡುವ ಜೋಳಿಗೆಯಲ್ಲಿ ಅವರು ಜನರ ದುಶ್ಚಟಗಳನ್ನು ಬೇಡಿದರು. ಕುಡಿತ, ಬೀಡಿ, ತಂಬಾಕು, ಗುಟಖಾ ಯಾವುದಿದ್ದರೂ ಅದನ್ನು ಭಿಕ್ಷೆಯಾಗಿ ನೀಡಿ ಎಂದು ಮನೆ ಬಾಗಿಲಲ್ಲಿ ನಿಂತು ಕೇಳಿದರು. ‘ಮಹಾಂತ ಜೋಳಿಗೆ’ ಎಂಬ ಹೆಸರಿನಿಂದ ಅದು ನಾಡಿಗೆಲ್ಲ ಗೊತ್ತಾಯಿತು. 2018ರ ಮೇ 19ರಂದು ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ.

ಆದರೆ ಜೋಳಿಗೆಗೆ ಹಾಕಲು ಬರುವುದು ಚಟವೆಂದು ಒಪ್ಪಿಕೊಂಡದ್ದು ಮಾತ್ರ. ಸಾರಾಯಿ ಕುಡಿಯುವವನಿಗೂ ಅದು ಕೆಟ್ಟದ್ದೆಂದು ಗೊತ್ತಿರುತ್ತದೆ. ಗಾಂಜಾದ ಸಂಗತಿ ಹಾಗಿಲ್ಲ. ಅದಕ್ಕೆ ‘ಪತ್ರಿ’ ಎಂಬ ಮರ್ಯಾದೆಯ ಹೆಸರಿದೆ, ಶಿವನ ಹೆಸರಿದೆ, ಔಷಧ ಎಂಬ ಹೆಸರಿದೆ; ಈಗ ಮೊಬೈಲಿನಲ್ಲಿ ‘ಅಮೆರಿಕದಲ್ಲಿ ಅಂಗಡಿಯಲ್ಲೇ ಸಿಗ್ತದ’ ಎಂಬ ವಿಡಿಯೊಗಳೂ ಇವೆ. ಬಾಗಲಕೋಟೆಯ ಕಾಲೇಜಿಗೆ ಬಂದು ಕೋಣೆ ಹಿಡಿದು ಓದುವ ಹುಡುಗನಿಗೆ, ಬಾದಾಮಿ, ಹುನಗುಂದದ ಪಿಯು ವಿದ್ಯಾರ್ಥಿಗೆ ಗೆಳೆಯನೊಬ್ಬ ಸಿಗರೇಟಿನಲ್ಲಿ ಸುತ್ತಿ ಕೊಟ್ಟಾಗ ಇದು ಚಟವೋ ಅಲ್ಲವೋ ಎಂಬುದೇ ತಿಳಿಯದಿದ್ದರೆ ಅವನು ಏನನ್ನು ಬಿಡಬೇಕು? ಆ ತಿಳಿವಳಿಕೆಗೆ ಬೇಕಾದ ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

ಗಿಡ ಒಂದು, ಹೆಸರು ಹಲವು

ಗಾಂಜಾ ಗಿಡದ ಸಸ್ಯಶಾಸ್ತ್ರೀಯ ಹೆಸರು ಕನ್ನಾಬಿಸ್ ಸಟೈವಾ. ಹಳೆಯ ಕನ್ನಡದಲ್ಲಿ ಅದು ‘ಭಂಗಿ’. ಭಂಗಿ ಸೇದುವುದು ಎಂಬ ಮಾತು ಇಂದಿಗೂ ಉಳಿದಿದೆ. ಆಯುರ್ವೇದದ ಗ್ರಂಥಗಳಲ್ಲಿ ‘ವಿಜಯಾ’ ಎಂದು ಬರುತ್ತದೆ. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಸೂಕ್ಷ್ಮವಾದ ರೋಮಗಳಿದ್ದು, ಅವುಗಳ ತುದಿಯಲ್ಲಿ ಅಂಟಾದ ರಾಳ ಒಸರುತ್ತದೆ. ಅಮಲು ಬರಿಸುವ ವಸ್ತು ಹೆಚ್ಚಾಗಿ ಇರುವುದು ಆ ರಾಳದಲ್ಲಿ. ಎಲೆಯನ್ನು ಅರೆದದ್ದು ಭಂಗ್, ಒಣಗಿಸಿದ ಹೂಗೊಂಚಲು ಗಾಂಜಾ, ರಾಳವನ್ನು ತಿಕ್ಕಿ ತೆಗೆದದ್ದು ಚರಸ್. ಅಮಲಿನ ಕಸುವು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಏರುತ್ತದೆ.

ನಮ್ಮ ಸೀಮೆಯವರಿಗೆ ಇಲ್ಲೊಂದು ಮಾತು ಹೇಳಬೇಕು. ರೊಟ್ಟಿಯ ಜೊತೆ ಉಣ್ಣುವ ಪುಂಡಿಪಲ್ಲೆಯ ಗಿಡಕ್ಕೆ ಹಿಬಿಸ್ಕಸ್ ಕನ್ನಾಬಿನಸ್ ಎಂದು ಹೆಸರು. ಅದರ ಎಲೆಯೂ ಬೆರಳು ಚಾಚಿದ ಹಾಗೆ ಸೀಳಿಕೊಂಡು ಗಾಂಜಾ ಎಲೆಯಂತೆ ಕಾಣುವುದರಿಂದ ಆ ಹೆಸರು ಬಂತು. ಎರಡಕ್ಕೂ ಬೇರೆ ಸಂಬಂಧವಿಲ್ಲ. ಪುಂಡಿ ದಾಸವಾಳದ ಬಳಗದ್ದು, ಅದರಲ್ಲಿ ಅಮಲಿನ ಅಂಶ ಒಂದಿಷ್ಟೂ ಇಲ್ಲ.

ಮಿದುಳಿನೊಳಗೆ ಏನು ನಡೆಯುತ್ತದೆ

ಈ ಗಿಡದಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಯಾನಬಿನಾಯ್ಡ್ ರಾಸಾಯನಿಕಗಳಿವೆ. ಅಮಲು ತರುವ ಮುಖ್ಯ ವಸ್ತು ಟಿಎಚ್‌ಸಿ. ಅದನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೌಲಂ ಮತ್ತು ಯೆಹಿಯೆಲ್ ಗಾವೋನಿ ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಒಂದು ಗಿಡದ ರಾಳ ಮನುಷ್ಯನ ಮಿದುಳಿನ ಮೇಲೆ ಇಷ್ಟು ನೇರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಸುಮಾರು ಮೂರು ದಶಕ ಹಿಡಿಯಿತು. ನಮ್ಮ ನರಕೋಶಗಳ ಮೇಲೆ ಸಿಬಿ1 ಎಂಬ ಗ್ರಾಹಿಗಳಿವೆ. 1992ರಲ್ಲಿ ಆ ಗ್ರಾಹಿಗಳಿಗೆ ಹೊಂದುವ, ನಮ್ಮ ದೇಹವೇ ತಯಾರಿಸುವ ರಾಸಾಯನಿಕವೊಂದು ಪತ್ತೆಯಾಯಿತು. ಸಂಸ್ಕೃತದ ‘ಆನಂದ’ ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು.

ಆನಂದಮೈಡ್‌ನ ಕೆಲಸವನ್ನು ಕಾಲುವೆಯ ನೀರಿಗೆ ಹೋಲಿಸಿದರೆ ಬೇಗ ತಿಳಿಯುತ್ತದೆ. ಕೆಳಗಿನ ಹೊಲದ ಮಡಿ ತುಂಬಿದಾಗ ರೈತ ಮೇಲಿನವನಿಗೆ ‘ಸಾಕು, ತೂಬು ಇಳಿಸು’ ಎಂದು ಕೂಗುತ್ತಾನೆ. ಹಾಗೆಯೇ ಸಂದೇಶ ಪಡೆದ ನರಕೋಶ, ಕಳಿಸಿದ ನರಕೋಶಕ್ಕೆ ಹಿಮ್ಮುಖವಾಗಿ ಆನಂದಮೈಡ್ ಬಿಟ್ಟು ‘ಸಾಕು’ ಎನ್ನುತ್ತದೆ. ಬೇಕಾದ ಕಡೆ, ಬೇಕಾದಷ್ಟು ಹುಟ್ಟಿ, ಕೆಲಸ ಮುಗಿದ ಕೂಡಲೇ ಅದು ಒಡೆದುಹೋಗುತ್ತದೆ. ಟಿಎಚ್‌ಸಿ ಬಂದರೆ ಎಲ್ಲ ತೂಬುಗಳ ಮೇಲೂ ಒಟ್ಟಿಗೇ ಕೈ ಇಟ್ಟಂತೆ. ಯಾವ ಮಡಿ ತುಂಬಿದೆ, ಯಾವುದು ಒಣಗಿದೆ ಎಂದು ಅದು ನೋಡುವುದಿಲ್ಲ, ಗಂಟೆಗಟ್ಟಲೆ ಕೈ ತೆಗೆಯುವುದೂ ಇಲ್ಲ. ಸಿಬಿ1 ಗ್ರಾಹಿಗಳು ದಟ್ಟವಾಗಿರುವುದು ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್, ಮೈಯ ಸಮತೋಲ ಕಾಯುವ ಕಿರುಮಿದುಳು, ತೀರ್ಮಾನ ಮಾಡುವ ಮುಂಭಾಗ ಇಂಥ ಕಡೆಗಳಲ್ಲಿ. ಆದ್ದರಿಂದಲೇ ಅಮಲಿನಲ್ಲಿರುವವನಿಗೆ ಐದು ನಿಮಿಷ ಅರ್ಧ ಗಂಟೆಯಾಗಿ ಕಾಣುತ್ತದೆ, ಆಡುತ್ತಿದ್ದ ಮಾತು ನಡುವೆಯೇ ಮರೆಯುತ್ತದೆ, ನಗು ತಡೆಯಲಾಗುವುದಿಲ್ಲ, ಹಸಿವು ಹೆಚ್ಚುತ್ತದೆ, ಕಣ್ಣು ಕೆಂಪಾಗುತ್ತದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಕೆಲವರಿಗೆ ಇದೇ ಹೊತ್ತಿನಲ್ಲಿ ವಿಪರೀತ ಹೆದರಿಕೆ, ಸಾಯುತ್ತೇನೆಂಬ ದಿಗಿಲು ಹತ್ತುತ್ತದೆ.

ಸೇದಿದರೆ ನಿಮಿಷಗಳಲ್ಲಿ ಅಮಲೇರಿ ಎರಡು ಮೂರು ಗಂಟೆ ಇರುತ್ತದೆ. ಕುಡಿದರೆ, ತಿಂದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಶಿವರಾತ್ರಿ, ಹೋಳಿಯ ದಿನ ಭಂಗ್ ಕುಡಿದು ಆಸ್ಪತ್ರೆ ಸೇರುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿಯುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ದಿನಾ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಸಿಗುತ್ತದೆ.

ಹದಿನೈದರಿಂದ ಇಪ್ಪತ್ತೈದು

ಮಿದುಳಿನ ಗಾತ್ರ ಬಾಲ್ಯದಲ್ಲೇ ಬಹುಪಾಲು ಬೆಳೆದಿರುತ್ತದೆ. ಬಾಕಿ ಉಳಿಯುವುದು ಜೋಡಣೆ. ಬೇಡದ ನರಸಂಪರ್ಕಗಳನ್ನು ಕತ್ತರಿಸಿ, ಬೇಕಾದವನ್ನು ಗಟ್ಟಿ ಮಾಡುವ ಕೆಲಸ ಹರೆಯದುದ್ದಕ್ಕೂ ನಡೆಯುತ್ತದೆ. ಮುಂದಾಲೋಚನೆ, ಆಸೆಗೆ ಕಡಿವಾಣ, ಸರಿತಪ್ಪಿನ ತೂಕ ಇವೆಲ್ಲ ಇರುವ ಮುಂಭಾಗ ಎಲ್ಲಕ್ಕಿಂತ ಕಡೆಗೆ, ಸುಮಾರು 25ರ ವಯಸ್ಸಿಗೆ ಮಾಗುತ್ತದೆ.

ಇಳಕಲ್ಲಿನ ಮಗ್ಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ. ಆ ಕೂಡಿಸುವ ಹೊತ್ತಿನಲ್ಲಿ ಕೈ ತಪ್ಪಿದರೆ ಸೀರೆಯೇನೋ ಆಗುತ್ತದೆ, ಆದರೆ ಮೈಗೂ ಸೆರಗಿಗೂ ಇರಬೇಕಾದ ಬಿಗಿ ಇರುವುದಿಲ್ಲ. ಹದಿನಾರರ ಹುಡುಗನ ಮಿದುಳು ಇಂಥ ಕೂಡಿಸುವ ಹೊತ್ತಿನಲ್ಲಿರುತ್ತದೆ. ಯಾವ ಎಳೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಕೆಲಸದಲ್ಲಿ ದೇಹದ ಸ್ವಂತ ಆನಂದಮೈಡ್ ವ್ಯವಸ್ಥೆಗೂ ಪಾಲಿದೆ. ಅದೇ ವ್ಯವಸ್ಥೆಯ ಮೇಲೆ ಗಾಂಜಾ ಬಂದು ಕೂರುತ್ತದೆ. ನಲವತ್ತರವನಿಗೂ ಹದಿನಾರರವನಿಗೂ ಒಂದೇ ಚಿಲುಮೆ ಒಂದೇ ಫಲ ಕೊಡುವುದಿಲ್ಲ ಎನ್ನುವುದಕ್ಕೆ ಕಾರಣ ಇದು.

ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು 38ರ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹರೆಯದಲ್ಲೇ ಶುರು ಮಾಡಿ ವರ್ಷಗಟ್ಟಲೆ ಗಾಂಜಾಕ್ಕೆ ಅಂಟಿಕೊಂಡವರ ಬುದ್ಧಿಮತ್ತೆಯ ಅಂಕದಲ್ಲಿ ಸರಾಸರಿ 8 ಅಂಕಗಳವರೆಗೆ ಇಳಿತ ಕಂಡಿತ್ತು. ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಅಂಥ ಇಳಿತ ಕಾಣಲಿಲ್ಲ. ಆಮೇಲೆ ಅಮೆರಿಕದಲ್ಲಿ ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನ ಈ ಇಳಿತಕ್ಕೆ ಗಾಂಜಾವೊಂದೇ ಕಾರಣವಲ್ಲ, ಮನೆಯ ವಾತಾವರಣಕ್ಕೂ ಅದರಲ್ಲಿ ಪಾಲಿರಬಹುದು ಎಂದು ತಕರಾರು ತೆಗೆಯಿತು. ವಾದ ಮುಗಿದಿಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು ಎಂದು ನನಗನ್ನಿಸುತ್ತದೆ. ವಾದವೇ ಇಲ್ಲದ ಸಂಗತಿ ಇನ್ನೂ ಸರಳವಾಗಿದೆ: ಸೇದಿದ ದಿನ, ಅದರ ಮರುದಿನ ಹೊಸದನ್ನು ಕಲಿಯುವ, ನೆನಪಿಡುವ, ಗಮನ ಕೊಡುವ ಶಕ್ತಿ ಕುಂದುತ್ತದೆ. ದಿನಾ ಸೇದುವ ವಿದ್ಯಾರ್ಥಿಗೆ ಮಂಕಿಲ್ಲದ ದಿನವೇ ಉಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್ ಎಲ್ಲ ಬಂದು ಬೀಳುವುದು ಇದೇ ವರ್ಷಗಳಲ್ಲಿ.

ಮನಸ್ಸು ಹಳಿ ತಪ್ಪಿದಾಗ

ಗಾಂಜಾದ ಬಗ್ಗೆ ಮನೋವೈದ್ಯರು ಹೆಚ್ಚು ಕಳವಳಪಡುವುದು ಸೈಕೋಸಿಸ್ ಎಂಬ ಸ್ಥಿತಿಗೆ. ಯಾರೋ ಬೆನ್ನು ಹತ್ತಿದ್ದಾರೆ, ಊಟದಲ್ಲಿ ಏನೋ ಹಾಕಿದ್ದಾರೆ ಎಂಬ ಗಟ್ಟಿ ಸಂಶಯ. ಯಾರೂ ಇಲ್ಲದ ಕಡೆ ಧ್ವನಿ ಕೇಳುವುದು. ನಿದ್ದೆ ಬಿಡುವುದು, ಒಬ್ಬನೇ ಮಾತಾಡುವುದು, ಮೈಮೇಲಿನ ಗಮನ ತಪ್ಪುವುದು. ಕೆಲವರಲ್ಲಿ ಅಮಲು ಇಳಿದ ಕೆಲವು ದಿನಗಳಲ್ಲಿ ಇದು ತಾನಾಗಿ ತಗ್ಗುತ್ತದೆ. ಕೆಲವರಲ್ಲಿ ಸ್ಕಿಜೋಫ್ರೇನಿಯಾ ಆಗಿ ಉಳಿಯುತ್ತದೆ.

1969–70ರಲ್ಲಿ ಸ್ವೀಡನ್ನಿನ ಸೇನೆಗೆ ಬಂದ 45,000ಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಗಮನಿಸಿದಾಗ, ಆ ವಯಸ್ಸಿಗಾಗಲೇ 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಸೇದದವರಿಗಿಂತ ಆರು ಪಟ್ಟು ಕಂಡಿತು. 2019ರಲ್ಲಿ ಯುರೋಪಿನ ಹಲವು ನಗರಗಳನ್ನೂ ಬ್ರೆಜಿಲನ್ನೂ ಸೇರಿಸಿ ಪ್ರಕಟವಾದ ಅಧ್ಯಯನದಲ್ಲಿ ದಿನಾ ಸೇದುವವರಿಗೆ ಸೈಕೋಸಿಸ್ ಸಂಭವ ಸುಮಾರು ಮೂರು ಪಟ್ಟು, ಕಸುವಿನ ಮಾಲನ್ನು ದಿನಾ ಸೇದುವವರಿಗೆ ಸುಮಾರು ಐದು ಪಟ್ಟು ಎಂದು ಬಂತು. ಈ ‘ಪಟ್ಟು’ಗಳನ್ನು ಸರಿಯಾಗಿ ಓದಬೇಕು. ಸಾಮಾನ್ಯವಾಗಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಬರುವ ಕಾಯಿಲೆ ಇದು. ಅದು ಕೆಲವು ಪಟ್ಟಾದರೂ ಸೇದುವವರಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ. ‘ನನ್ನ ಗೆಳೆಯ ಐದು ವರ್ಷದಿಂದ ಸೇದ್ತಾನ, ಏನೂ ಆಗಿಲ್ಲ’ ಎಂಬ ಮಾತು ಸುಳ್ಳಲ್ಲ. ಆದರೆ ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ಹದಿನೆಂಟಕ್ಕಿಂತ ಮೊದಲೇ ಶುರು ಮಾಡಿದರೆ, ದಿನಾ ಸೇದಿದರೆ ಸಂಭವ ಹೆಚ್ಚು ಎಂಬುದಷ್ಟು ಗೊತ್ತು.

ನಮ್ಮ ಹಳ್ಳಿಗಳಲ್ಲಿ ಹುಡುಗ ಹೀಗಾದಾಗ ಮೊದಲು ಮಾಟ, ಗಾಳಿ, ದೆವ್ವ ಎಂದು ಓಡಾಡಿ ತಿಂಗಳುಗಳು ಹೋಗುತ್ತವೆ. ಗುಡಿಗೆ ಹೋಗುವುದು ಬೇಡ ಎಂದು ಯಾರಿಗೂ ಹೇಳುವ ಅಗತ್ಯವಿಲ್ಲ. ಅದೇ ವಾರ ಮನೋವೈದ್ಯರ ಹತ್ತಿರವೂ ಹೋಗಬೇಕು. ಚಿಕಿತ್ಸೆ ತಡವಾದಷ್ಟೂ ಸುಧಾರಣೆ ಕಷ್ಟ.

ಎದೆ, ಹೊಟ್ಟೆ, ರಸ್ತೆ

ಗಾಂಜಾ ಹೊಗೆಯಲ್ಲೂ ಬೀಡಿಯ ಹೊಗೆಯಂತೆ ಟಾರು, ಇಂಗಾಲದ ಮೊನಾಕ್ಸೈಡ್ ಇರುತ್ತವೆ. ಸೇದುವವರು ಅದನ್ನು ಆಳಕ್ಕೆಳೆದು ಹಿಡಿದಿಟ್ಟುಕೊಳ್ಳುತ್ತಾರೆ. ಬಿಡದ ಕೆಮ್ಮು, ಕಫ ಸಾಮಾನ್ಯ. ನಮ್ಮಲ್ಲಿ ಅದನ್ನು ತಂಬಾಕಿನೊಂದಿಗೆ ಬೆರೆಸಿ ಸೇದುವುದೇ ರೂಢಿಯಾದ್ದರಿಂದ ಗಾಂಜಾ ಬಿಟ್ಟರೂ ನಿಕೋಟಿನ್ ಹಿಡಿದುಕೊಂಡಿರುತ್ತದೆ. ವರ್ಷಗಟ್ಟಲೆ ಸೇದಿದ ಕೆಲವರಿಗೆ ಮೇಲಿಂದ ಮೇಲೆ ತಡೆಯಲಾಗದ ವಾಂತಿ, ಹೊಟ್ಟೆನೋವು ಬರುತ್ತದೆ. ಬಿಸಿನೀರು ಮೈಮೇಲೆ ಸುರಿದುಕೊಂಡರೆ ಮಾತ್ರ ಹಾಯೆನಿಸುತ್ತದೆ. ಈ ವಿಚಿತ್ರ ಲಕ್ಷಣವನ್ನು 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದರು. ಗಾಂಜಾ ಬಿಟ್ಟರೆ ಇದು ನಿಲ್ಲುತ್ತದೆ. ಗರ್ಭಿಣಿ ಸೇದಿದರೆ ಮಗುವಿನ ತೂಕ ಕಡಿಮೆಯಾಗುವ ಸಂಭವವಿದೆ.

ಅಮಲಿನಲ್ಲಿ ಬೈಕು ಹತ್ತುವುದು ಇನ್ನೊಂದು ಅಪಾಯ. ದೂರದ ಅಂದಾಜು ತಪ್ಪುತ್ತದೆ, ಬ್ರೇಕು ಹಿಡಿಯುವುದು ತಡವಾಗುತ್ತದೆ. ಹುನಗುಂದ, ಇಳಕಲ್ಲನ್ನು ಹಾಯ್ದು ಹೋಗುವ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿ ಓಡುತ್ತವೆ. ಅಲ್ಲಿ ಅರ್ಧ ಸೆಕೆಂಡು ತಡವಾದರೂ ಜೀವಕ್ಕೆ ಕುತ್ತು.

‘ಗಾಂಜಾ ಚಟ ಆಗೂದಿಲ್ಲ’

ಇದು ಹುಡುಗರಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಸೇದಿ ನೋಡಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಅವಲಂಬಿತರಾಗುತ್ತಾರೆ. ಹರೆಯದಲ್ಲೇ ಶುರು ಮಾಡಿದರೆ ಆರಕ್ಕೆ ಒಬ್ಬರು. ಬಿಟ್ಟಾಗ ಹೆಂಡಕ್ಕೆ ದಾಸನಾದವನಂತೆ ಕೈ ನಡುಗುವುದಿಲ್ಲ, ಅದಕ್ಕೇ ಚಟವಲ್ಲ ಎನಿಸುತ್ತದೆ. ಆದರೆ ಬಿಟ್ಟ ಒಂದೆರಡು ದಿನಗಳಲ್ಲಿ ಸಿಡುಕು, ಚಡಪಡಿಕೆ, ನಿದ್ದೆಗೇಡು, ಊಟ ಸೇರದಿರುವುದು, ಕೆಟ್ಟ ಕನಸು ಶುರುವಾಗುತ್ತವೆ. ಮತ್ತೆ ಒಂದು ಸೇದಿದರೆ ಎಲ್ಲ ಶಾಂತ. ‘ನನಗೆ ನಿದ್ದೆಗೆ ಬೇಕು, ಟೆನ್ಶನ್ನಿಗೆ ಬೇಕು’ ಎನ್ನುವ ಹುಡುಗ ಎಷ್ಟೋ ಸಲ ಗಾಂಜಾವೇ ತಂದ ನಿದ್ದೆಗೇಡಿಗೆ ಗಾಂಜಾವನ್ನೇ ಮದ್ದು ಮಾಡಿಕೊಂಡಿರುತ್ತಾನೆ.

‘ಹಿಂದಿನವರು ಸೇದುತ್ತಿದ್ದರು’ ಎನ್ನುವುದಕ್ಕೂ ಉತ್ತರವಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಶೇ 4ರಷ್ಟಿತ್ತು, 2021ರ ಹೊತ್ತಿಗೆ ಶೇ 15ರ ಆಸುಪಾಸಿಗೆ ಏರಿತ್ತು. ಮಣ್ಣಿಲ್ಲದೆ ದೀಪದ ಬೆಳಕಿನಲ್ಲಿ ಬೆಳೆಸಿದ ‘ಹೈಡ್ರೋ ಗಾಂಜಾ’ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಿರುವುದನ್ನು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ.

ಪತ್ರಿ ಎಂಬ ಹೆಸರಿನ ನೆರಳು

ಉತ್ತರ ಕರ್ನಾಟಕದ ಕೆಲವು ಆರೂಢ, ಅವಧೂತ ಪರಂಪರೆಗಳಲ್ಲಿ ಸಾಧಕರು ಇದನ್ನು ಪತ್ರಿ ಎಂದು ಕರೆದು ಬಳಸಿದ್ದುಂಟು. ಅದರ ಧಾರ್ಮಿಕ ಅರ್ಥವನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಹೇಳಬೇಕಾದದ್ದು ಇಷ್ಟೇ: ಸಂಸಾರ ಬಿಟ್ಟ ಮುದಿ ಸಾಧುವೊಬ್ಬ ಕಟ್ಟಳೆಯೊಳಗೆ ಹಿಡಿದ ಚಿಲುಮೆಯನ್ನು ತೋರಿಸಿ, ಪರೀಕ್ಷೆ ಎದುರಿಗಿರುವ ಹದಿನೇಳರ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಸೇದುವುದಕ್ಕೆ ಸಮರ್ಥನೆ ಹುಡುಕಬಾರದು. ಟಿಎಚ್‌ಸಿಗೆ ಭಕ್ತಿ ಗೊತ್ತಾಗುವುದಿಲ್ಲ. ಇದೇ ಸೀಮೆಯ ಇಳಕಲ್ಲ ಮಠದ ಕಾವಿಯೇ ಮನೆಮನೆಗೆ ಹೋಗಿ ಚಟವನ್ನು ಬೇಡಿತ್ತು ಎಂಬುದನ್ನೂ ಆ ಹುಡುಗನಿಗೆ ನೆನಪಿಸಬೇಕು.

ಔಷಧದ ಮಾತೂ ಹೀಗೆಯೇ. ಗಿಡದಲ್ಲಿರುವ ಸಿಬಿಡಿ ಎಂಬ ಅಮಲು ಬರಿಸದ ವಸ್ತುವಿನ ಶುದ್ಧ ದ್ರಾವಣಕ್ಕೆ 2018ರಲ್ಲಿ ಅಮೆರಿಕ, ಮಕ್ಕಳಲ್ಲಿ ಬರುವ ಎರಡು ಅಪರೂಪದ ಫಿಟ್ಸ್ ಕಾಯಿಲೆಗಳಿಗೆಂದು ಒಪ್ಪಿಗೆ ಕೊಟ್ಟಿತು. ಅಳತೆ ಮಾಡಿ ಕೊಡುವ ಆ ಹನಿಗೂ ಪೊಟ್ಟಣದ ಸೊಪ್ಪಿಗೂ ಹೋಲಿಕೆ ಇಲ್ಲ.

ಕಾನೂನು

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಬರೀ ಎಲೆ, ಬೀಜ ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಭಂಗ್ ಬಗ್ಗೆ ರಾಜ್ಯಗಳ ನಿಯಮ ಬೇರೆ ಬೇರೆ. ಒಂದು ಕೆಜಿಯವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಅದಕ್ಕೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸಣ್ಣ ಪ್ರಮಾಣ ಎಂದರೆ ಮಾಫಿ ಎಂದು ಹುಡುಗರು ತಿಳಿದಿರುತ್ತಾರೆ, ಅದು ತಪ್ಪು. ಅದಕ್ಕಿಂತ ಹೆಚ್ಚಿದ್ದರೆ ಹತ್ತು ವರ್ಷದವರೆಗೆ, 20 ಕೆಜಿ ದಾಟಿದ ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ಹತ್ತಿ, ಕಬ್ಬು, ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಬೆಳೆದರೂ ಬೆಳೆದವನಿಗೆ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ಮಕ್ಕಳ ಕೈಯಲ್ಲಿ ಪೊಟ್ಟಣ ಸಾಗಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ.

ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಮೊಂದಿದೆ. ಸಣ್ಣ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಇದು ಪೋಷಕರಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ, ಗೊತ್ತಿರಬೇಕು.

ಹೊರದೇಶದ ವಿಡಿಯೊ ತೋರಿಸುವ ಮಕ್ಕಳಿಗೆ ಅಲ್ಲಿನ ಕಾನೂನನ್ನು ಪೂರ್ತಿ ಓದಿ ಎನ್ನಬಹುದು. 2018ರ ಅಕ್ಟೋಬರ್ 17ರಂದು ಗಾಂಜಾ ಮಾರಾಟಕ್ಕೆ ಒಪ್ಪಿದ ಕೆನಡಾದಲ್ಲೂ ಹೆಚ್ಚಿನ ಪ್ರಾಂತಗಳಲ್ಲಿ 19 ತುಂಬದವರಿಗೆ, ಕ್ವಿಬೆಕ್‌ನಲ್ಲಿ 21 ತುಂಬದವರಿಗೆ ಅದು ನಿಷಿದ್ಧ. ಒಪ್ಪಿದ ದೇಶಗಳೂ ಹರೆಯದವರಿಂದ ಅದನ್ನು ದೂರವಿಟ್ಟಿವೆ.

ತರಗತಿಯಲ್ಲಿ ಹೇಳುವುದು ಹೇಗೆ

ಪ್ರತಿವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನ. ಜಾಥಾ, ಘೋಷಣೆ, ಪ್ರತಿಜ್ಞೆ ನಡೆಯುತ್ತವೆ. ಭಿತ್ತಿಪತ್ರದಲ್ಲಿ ತಲೆಬುರುಡೆ, ಎಲುಬು. ಮಕ್ಕಳನ್ನು ಹೆದರಿಸಿದರೆ ಬಿಟ್ಟಾರು ಎಂಬ ನಂಬಿಕೆ ಇದರ ಹಿಂದಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಪೊಲೀಸರು ಶಾಲೆಗೆ ಹೋಗಿ ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುತ್ತಿದ್ದರು. ಅದು ಅಮೆರಿಕದಲ್ಲೆಲ್ಲ ಹಬ್ಬಿತು. ಆಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕೂಡ ಹೆದರಿಸುವ ಭಾಷಣ, ಒಂದು ದಿನದ ಸಭೆಗಳಿಂದ ಫಲವಿಲ್ಲ, ಮಕ್ಕಳು ತಾವೇ ಮಾತಾಡಿ, ‘ಬೇಡ’ ಎನ್ನುವುದನ್ನು ಅಭ್ಯಾಸ ಮಾಡುವ, ಹಲವು ವಾರ ನಡೆಯುವ ಪಾಠಗಳಿಂದ ಫಲವಿದೆ ಎನ್ನುತ್ತದೆ.

ಹೆದರಿಸುವುದು ಯಾಕೆ ಸೋಲುತ್ತದೆ ಎಂದು ತಿಳಿಯಲು ಸಂಶೋಧನೆ ಬೇಕಿಲ್ಲ. ಒಮ್ಮೆ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂದು ಮೇಷ್ಟ್ರು ಹೇಳುತ್ತಾರೆ. ಹುಡುಗ ತನ್ನ ಗೆಳೆಯ ಸೇದಿಯೂ ನೆಟ್ಟಗಿರುವುದನ್ನು ನೋಡುತ್ತಾನೆ. ಅಲ್ಲಿಗೆ ಆ ಮೇಷ್ಟ್ರು ಹೇಳಿದ ನಿಜಗಳೂ ಸುಳ್ಳಾಗುತ್ತವೆ. ಆದ್ದರಿಂದ ಬಹುಪಾಲು ಜನರಿಗೆ ಹುಚ್ಚು ಹಿಡಿಯುವುದಿಲ್ಲ ಎಂದೂ ಹೇಳಬೇಕು, ಯಾರಿಗೆ ಹಿಡಿಯುತ್ತದೆ ಎಂದು ಗೊತ್ತಾಗುವುದಿಲ್ಲ ಎಂದೂ ಹೇಳಬೇಕು.

ಇನ್ನೊಂದು ಅಂಕಿ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯತಕ್ಕದ್ದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವಯಸ್ಸಿನ ಭಾರತೀಯರಲ್ಲಿ ಹಿಂದಿನ ಒಂದು ವರ್ಷದಲ್ಲಿ ಭಂಗ್, ಗಾಂಜಾ ಅಥವಾ ಚರಸ್ ಬಳಸಿದವರು ಶೇ 2.8, ಅಂದರೆ ಸುಮಾರು 3.1 ಕೋಟಿ ಜನ. ಸಂಖ್ಯೆ ದೊಡ್ಡದೇ. ಆದರೆ ನೂರರಲ್ಲಿ 97 ಮಂದಿ ಆ ವರ್ಷ ಅದನ್ನು ಮುಟ್ಟಿಲ್ಲ. ‘ಎಲ್ಲಾರೂ ಸೇದ್ತಾರ’ ಎಂಬ ಮಾತನ್ನು ನಂಬಿ ಒಂಟಿಯಾಗುವ ಭಯದಿಂದ ಕೈ ಚಾಚುವ ಹುಡುಗನಿಗೆ ಈ 97 ತಿಳಿಯಬೇಕು.

‘ಬೇಡ’ ಎನ್ನುವುದನ್ನು ನಮ್ಮ ಭಾಷೆಯಲ್ಲೇ ಅಭ್ಯಾಸ ಮಾಡಿಸಬೇಕು. ‘ಒಲ್ಲೆ ಬಿಡಲೇ, ನಾಳೆ ಮ್ಯಾಚ್ ಐತಿ’, ‘ನನಗ ಆಗಿಬರೂದಿಲ್ಲ, ನೀ ನಡಿ’ ಎಂದು ಗೆಳೆತನ ಮುರಿಯದೆ ತಪ್ಪಿಸಿಕೊಳ್ಳುವ ಮಾತುಗಳು ಹುಡುಗರ ಬಾಯಲ್ಲೇ ಇವೆ. ಒಬ್ಬ ಕೊಡುವವನಾಗಿ, ಇನ್ನೊಬ್ಬ ಒಲ್ಲೆನ್ನುವವನಾಗಿ ಆಡಿ ನೋಡಲಿ. ಬನಶಂಕರಿ ಜಾತ್ರೆಯ ನಾಟಕಗಳನ್ನು ನೋಡಿ ಬೆಳೆದ ಬಾದಾಮಿ ಸೀಮೆಯ ಮಕ್ಕಳಿಗೆ ಪಾತ್ರ ಕಟ್ಟುವುದನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ಜೋಳಿಗೆಯ ವಿಧಾನವೂ ಇಲ್ಲಿ ಕೆಲಸಕ್ಕೆ ಬರುತ್ತದೆ ಎಂದು ನಾನು ನಂಬುತ್ತೇನೆ. ಅಪ್ಪಗಳು ಜನ ತಮ್ಮಲ್ಲಿಗೆ ಬರಲಿ ಎಂದು ಕಾಯಲಿಲ್ಲ, ತಾವೇ ಮನೆಗೆ ಹೋದರು. ಬೇಡುವವನ ಜಾಗದಲ್ಲಿ ತಾವು ನಿಂತರು. ಕುಡುಕನೆಂದು ಊರು ಹೀಯಾಳಿಸಿದವನು ಅಂದು ಕೊಡುವವನಾದ. ಅವನ ಮರ್ಯಾದೆ ಉಳಿಯಿತು, ಕೊಟ್ಟ ಮಾತಿಗೆ ಹೆಂಡತಿ ಮಕ್ಕಳು ಸಾಕ್ಷಿಯಾದರು. ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗಿ ಟಿಸಿ ಕೊಟ್ಟು ಕಳಿಸುವುದು ಇದಕ್ಕೆ ತೀರ ವಿರುದ್ಧದ ದಾರಿ. ಶಾಲೆ ಬಿಟ್ಟ ಹುಡುಗನಿಗೆ ಇಡೀ ದಿನ ಖಾಲಿ, ಜೊತೆಗೆ ಸೇದುವವರಷ್ಟೇ ಜೊತೆಗಾರರು.

ಮನೆಯಲ್ಲಿ

ಗಮನಿಸಬೇಕಾದದ್ದು ಒಂದೇ ಗುರುತನ್ನಲ್ಲ, ಬದಲಾವಣೆಯನ್ನು. ಹಳೆಯ ಗೆಳೆಯರನ್ನು ಬಿಟ್ಟು ಹೊಸಬರ ಜೊತೆ ಸೇರುವುದು, ಆಟ ಬಿಡುವುದು, ಹಾಜರಿ ತಪ್ಪುವುದು, ದುಡ್ಡಿಗೆ ಲೆಕ್ಕವಿಲ್ಲದಿರುವುದು, ಕಣ್ಣಿಗೆ ಮೇಲಿಂದ ಮೇಲೆ ಡ್ರಾಪ್ಸ್ ಹಾಕಿಕೊಳ್ಳುವುದು, ಸುಟ್ಟ ಸೊಪ್ಪಿನ ಗಾಟು ವಾಸನೆ. ಇವುಗಳಲ್ಲಿ ಕೆಲವು ಹರೆಯದ ಸಹಜ ಲಕ್ಷಣಗಳೂ ಹೌದು. ಹಾಗಾಗಿ ಜೇಬು ಜಾಲಾಡಿ ಕೂಗಾಡುವ ಮೊದಲು ಕೂತು ಕೇಳುವುದು ಮೇಲು. ‘ತಮ್ಮಾ, ಏನಾಗೇತಿ ಹೇಳು, ಬೈಯೂದಿಲ್ಲ’ ಎಂದ ಮೇಲೆ ನಿಜವಾಗಿಯೂ ಬೈಯಬಾರದು. ಮಗ ಒಮ್ಮೆ ನಿಜ ಹೇಳಿ ಹೊಡೆತ ತಿಂದರೆ ಎರಡನೆಯ ಸಲ ಹೇಳುವುದಿಲ್ಲ. ಅಪ್ಪನ ಬಾಯಲ್ಲಿ ಗುಟಖಾ ಇದ್ದು ಮಗನಿಗೆ ಬುದ್ಧಿ ಹೇಳುವುದೂ ನಡೆಯುವ ಮಾತಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಮರ್ಯಾದೆಗೆ ಅಂಜಿ ಮುಚ್ಚಿಡುವುದು ಹೆಚ್ಚು, ಅವರು ಚಿಕಿತ್ಸೆಗೆ ಬರುವುದೂ ಅಷ್ಟೇ ತಡ.

ಅಮಲೇರಿ ಹೆದರಿದವನನ್ನು ಶಾಂತವಾದ ಕಡೆ ಕೂರಿಸಿ, ನೀರು ಕೊಟ್ಟು, ಜೊತೆಗೇ ಇರಬೇಕು. ಎದೆನೋವು, ಫಿಟ್ಸ್, ಎಚ್ಚರ ತಪ್ಪುವುದು ಕಂಡರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಏನು ಸೇವಿಸಿದ್ದಾನೆಂದು ವೈದ್ಯರಿಗೆ ಮುಚ್ಚಿಡಬಾರದು. ಸಣ್ಣ ಮಗು ತಿಳಿಯದೆ ತಿಂದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಿ ಕೇಳಬೇಕು, ಏನು ನಿರೀಕ್ಷಿಸಬೇಕು

ವ್ಯಸನದ ಬಗ್ಗೆ ಮಾತಾಡಲು 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಮನಸ್ಸಿನ ತೊಂದರೆಗೆ 14416, ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಮಾರಾಟಗಾರರ ಸುಳಿವು ಕೊಡಲು 1933. ಬಾಗಲಕೋಟೆಯಲ್ಲಿ ಜಿಲ್ಲಾಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಕುಮಾರೇಶ್ವರ ಆಸ್ಪತ್ರೆ ಇದೆ. ಬಾದಾಮಿ, ಹುನಗುಂದದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಕೇಳಿಕೊಂಡು ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಗಾಂಜಾ ಬಿಡಿಸುವ ಮಾತ್ರೆ ಎಂದು ಒಪ್ಪಿಗೆ ಪಡೆದದ್ದು ಯಾವುದೂ ಇಲ್ಲ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಡಿ ಎಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಚಿಕಿತ್ಸೆ ಎಂದರೆ ಆಪ್ತಸಮಾಲೋಚನೆ: ಯಾವ ಹೊತ್ತಿನಲ್ಲಿ, ಯಾರ ಜೊತೆ, ಯಾವ ಬೇಸರಕ್ಕೆ ಸೇದಬೇಕೆನಿಸುತ್ತದೆ ಎಂದು ಗುರುತಿಸಿ ಆ ಹೊತ್ತನ್ನು ಬೇರೆ ಕೆಲಸದಿಂದ ತುಂಬಿಸುವುದು. ನಿದ್ದೆಗೇಡಿಗೆ, ಆತಂಕಕ್ಕೆ ವೈದ್ಯರು ಔಷಧ ಕೊಡಬಹುದು. ಬಿಟ್ಟ ಮೊದಲ ವಾರ ಕಠಿಣ. ಸಿಡುಕು, ನಿದ್ದೆಗೇಡು ಹೆಚ್ಚುವುದು ಎರಡರಿಂದ ಆರನೆಯ ದಿನದೊಳಗೆ. ಆ ದಿನಗಳಲ್ಲಿ ಹುಡುಗ ಆಡುವ ಒರಟು ಮಾತನ್ನು ಮನೆಯವರು ಲೆಕ್ಕಕ್ಕಿಡಬಾರದು. ಎರಡು ಮೂರು ವಾರದಲ್ಲಿ ನಿದ್ದೆ, ಹಸಿವು ತಿರುಗಿ ಬರುತ್ತವೆ. ಕೆಲವರು ನಡುವೆ ಮತ್ತೆ ಸೇದುತ್ತಾರೆ. ಆಗ ಮೊದಲಿನಿಂದ ಶುರು ಮಾಡಬೇಕು, ಅಷ್ಟೆ. ದಿನಾ ಸೇದುತ್ತಿದ್ದವರ ಮಿದುಳನ್ನು ಅಮೆರಿಕದ ಸಂಶೋಧಕರು ಸ್ಕ್ಯಾನ್ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೇದುತ್ತಿದ್ದಾಗ ಅವರ ಸಿಬಿ1 ಗ್ರಾಹಿಗಳು ಕಡಿಮೆಯಾಗಿದ್ದವು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಮತ್ತೆ ನೋಡಿದಾಗ ಮಿದುಳಿನ ಬಹುಭಾಗದಲ್ಲಿ ಅವು ಸಹಜ ಮಟ್ಟಕ್ಕೆ ಮರಳಿದ್ದವು.